ಓದುಗರ ಪ್ರಶ್ನೆ: ಟಸ್ಕನಿಯ ಗುಡ್ಡದೂರುಗಳು ಮತ್ತು ಕೊನೆಯ ಮೂರು ಕಿಲೋಮೀಟರು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಗುಡ್ಡದ ನೆತ್ತಿಯ ಮೇಲೆ ಕೂತ ಹಳೆಯ ಊರುಗಳನ್ನು ಸೈಕಲ್ಲಿನಲ್ಲಿ ಸುತ್ತಬಹುದೆಂದು ಹಿಂದೊಮ್ಮೆ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದದ್ದಕ್ಕೆ ಬಂದ ಪತ್ರಗಳ ಕಟ್ಟು ಮೇಜಿನ ಮೇಲೆ ಬೆಳೆಯುತ್ತಲೇ ಇದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಸಲ ಪೂರ್ತಿ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ. ಸಿಯೆನಾದಿಂದ ಒರ್ವಿಯೆಟೊವರೆಗಿನ ಸೀಮೆಯಲ್ಲಿ ಮೂರು ಸಲ ಸೈಕಲ್ ತುಳಿದದ್ದೇ ಈ ಉತ್ತರಗಳ ಹಿಂದಿನ ಬಂಡವಾಳ.

ಪ್ರಶ್ನೆ: ನನಗೆ ಐವತ್ತೆಂಟು, ನನ್ನ ಹೆಂಡತಿಗೆ ಐವತ್ತನಾಲ್ಕು ವರ್ಷ. ಸಮತಟ್ಟಾದ ರಸ್ತೆಯಲ್ಲಿ ದಿನಕ್ಕೆ ಎಂಬತ್ತು ಕಿಲೋಮೀಟರ್ ನಮಗೆ ಕಷ್ಟವಲ್ಲ. ಹತ್ತು ದಿನಗಳಲ್ಲಿ ಫ್ಲಾರೆನ್ಸ್, ಸ್ಯಾನ್ ಜಿಮಿನ್ಯಾನೊ, ವೋಲ್ಟೆರಾ, ಸಿಯೆನಾ, ಮೊಂಟಾಲ್ಚಿನೊ, ಪಿಯೆಂಜಾ, ಮೊಂಟೆಪುಲ್ಚಾನೊ, ಕೊರ್ಟೋನಾ, ಅಸ್ಸೀಸಿ ಇಷ್ಟನ್ನೂ ನೋಡುವ ಯೋಜನೆ ಹಾಕಿಕೊಂಡಿದ್ದೇವೆ. ಸರಿಯಾದೀತೇ?

ಉತ್ತರ: ಯೋಜನೆಯನ್ನು ಅರ್ಧಕ್ಕೆ ಇಳಿಸಿದರೆ ಸರಿಯಾದೀತು. ನಿಮ್ಮ ಕಾಲಿನ ಶಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ, ಅನುಮಾನವಿರುವುದು ನೀವು ಹಿಡಿದಿರುವ ಅಳತೆಗೋಲಿನ ಬಗ್ಗೆ. ಆ ಸೀಮೆಯಲ್ಲಿ ದೂರಕ್ಕಿಂತ ಏರಿನ ಲೆಕ್ಕ ಮುಖ್ಯ. ನಾನು ಅನುಸರಿಸುವ ಒರಟು ಲೆಕ್ಕ ಹೀಗಿದೆ: ದಿನದ ಒಟ್ಟು ಏರಿನಲ್ಲಿ ಪ್ರತಿ ನೂರು ಮೀಟರಿಗೆ ಎರಡು ಕಿಲೋಮೀಟರಿನಂತೆ ದೂರಕ್ಕೆ ಸೇರಿಸಿಕೊಳ್ಳುತ್ತೇನೆ. ನಲವತ್ತೈದು ಕಿಲೋಮೀಟರಿನ ದಾರಿಯಲ್ಲಿ ಒಂಬೈನೂರು ಮೀಟರ್ ಏರಿದ್ದರೆ, ಮತ್ತು ಅಲ್ಲಿ ಇದು ತೀರ ಸಾಮಾನ್ಯ, ಆ ದಿನವನ್ನು ಅರವತ್ತಮೂರು ಕಿಲೋಮೀಟರಿನ ದಿನವೆಂದು ಎಣಿಸಬೇಕು. ಚೀಲಗಳ ಭಾರ, ಬಿಸಿಲು ಮತ್ತು ಊರೊಳಗಿನ ಸುತ್ತಾಟ ಈ ಲೆಕ್ಕದಿಂದ ಹೊರಗೇ ಉಳಿಯುತ್ತವೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಬೇರೆ ಕಡೆ ಘಟ್ಟ ಹತ್ತಿ, ಆ ಬದಿಗೆ ಇಳಿದು, ಕಣಿವೆಯ ಊರಿನಲ್ಲಿ ರಾತ್ರಿ ತಂಗುವುದು ವಾಡಿಕೆ. ಟಸ್ಕನಿಯಲ್ಲಿ ರಸ್ತೆ ಕಣಿವೆಯಲ್ಲಿ, ಊರು ನೆತ್ತಿಯ ಮೇಲೆ. ಹೀಗಾಗಿ ದಿನದ ಅತಿ ಕಡಿದಾದ ಮೂರು ಕಿಲೋಮೀಟರು ಹೆಚ್ಚಾಗಿ ಕೊನೆಗೇ ಬರುತ್ತದೆ. ಸಂಜೆ ನಾಲ್ಕು ಗಂಟೆಯ ಬಿಸಿಲು ಬೆನ್ನ ಮೇಲೆ ಬೀಳುತ್ತಿರುವಾಗ, ಬಾಟಲಿಯ ತಳದಲ್ಲಿ ಬೆಚ್ಚಗಿನ ಎರಡು ಗುಟುಕು ನೀರು ಮಾತ್ರ ಉಳಿದಿರುವಾಗ, ಊರು ತಲೆಯ ಮೇಲೆಯೇ ಕಾಣುತ್ತಿದ್ದರೂ ರಸ್ತೆ ಅದಕ್ಕೆ ಬೆನ್ನು ತಿರುಗಿಸಿ ಇನ್ನೊಂದು ಸುತ್ತು ಹೊರಟಿರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಅಲ್ಲಿ ಪ್ರತಿ ಸಂಜೆ ಹೊಸದಾಗಿ ಅರ್ಥವಾಗುತ್ತದೆ. ಆದ್ದರಿಂದ ದಿನದ ಯೋಜನೆಯನ್ನು ತುದಿಯಿಂದ ಹಿಂದಕ್ಕೆ ಹಾಕಿಕೊಳ್ಳಿ: ಕೊನೆಯ ಏರು ಎಷ್ಟು, ಅದರ ಬುಡವನ್ನು ಎಷ್ಟು ಹೊತ್ತಿಗೆ ಮುಟ್ಟಬೇಕು, ಬುಡದಲ್ಲಿ ನೀರು ಸಿಗುತ್ತದೆಯೇ ಎಂಬುದನ್ನು ಮೊದಲು ತೀರ್ಮಾನಿಸಿ, ಬೆಳಗಿನ ಹೊರಡುವ ವೇಳೆಯನ್ನು ಆಮೇಲೆ ನಿಗದಿ ಮಾಡಿ.

ಮೊದಲ ಸಲ ಈ ಬುದ್ಧಿ ನನಗಿರಲಿಲ್ಲ. ಮೊಂಟೆಪುಲ್ಚಾನೊ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಏದುಸಿರು ಬಿಡುತ್ತ ಕೋಟೆಯ ಕೆಳಬಾಗಿಲಾದ ಪೋರ್ತಾ ಅಲ್ ಪ್ರಾತೊ ತಲುಪಿದಾಗ, ಸದ್ಯ ಬಂದೆನಲ್ಲ ಎಂದು ಕಲ್ಲುಬೆಂಚಿನ ಮೇಲೆ ಕೂತು ಬೂಟಿನ ದಾರವನ್ನೂ ಸಡಿಲಿಸಿದೆ. ನಾನು ಕೋಣೆ ಗೊತ್ತುಮಾಡಿದ್ದು ಪಿಯಾತ್ಸಾ ಗ್ರಾಂದೆ ಎಂಬ ಮೇಲಿನ ಚೌಕದ ಪಕ್ಕದಲ್ಲಿ. ಬಾಗಿಲಿನಿಂದ ಅಲ್ಲಿಗೆ ಹೋಗುವ ಕಲ್ಲುಹಾಸಿನ ಬೀದಿ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ, ಎಲ್ಲವೂ ಏರು. ಆಗಸ್ಟ್ ತಿಂಗಳ ಕೊನೆಯ ಭಾನುವಾರ ಅದೇ ದಾರಿಯಲ್ಲಿ ಊರಿನ ಎಂಟು ಕೇರಿಗಳವರು ತಲಾ ಎಂಬತ್ತು ಕಿಲೋ ತೂಕದ ಮರದ ಪೀಪಾಯಿಗಳನ್ನು ಉರುಳಿಸಿಕೊಂಡು ಮೇಲಕ್ಕೆ ಓಡುವ ಪಂದ್ಯ ನಡೆಯುತ್ತದೆ. ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದ ನನ್ನನ್ನು ಕಿಟಕಿಯಿಂದ ನೋಡಿದ ಅಜ್ಜಿಯೊಬ್ಬರು ಕೈಯಿಂದ ಉರುಳಿಸುವ ಸನ್ನೆ ಮಾಡಿ ನಕ್ಕದ್ದು ಏಕೆಂದು ಮರುದಿನ ತಿಳಿಯಿತು.

ನಿಮ್ಮ ಪಟ್ಟಿಯಿಂದ ಫ್ಲಾರೆನ್ಸ್ ಮತ್ತು ಅಸ್ಸೀಸಿಯನ್ನು ತೆಗೆದು, ಅವನ್ನು ರೈಲಿನಲ್ಲಿ ಹೋಗಿ ನೋಡುವ ಊರುಗಳೆಂದು ಬೇರೆ ಇಡಿ. ಉಳಿದವುಗಳಲ್ಲಿ ಸಿಯೆನಾದಲ್ಲಿ ಮೂರು ರಾತ್ರಿ, ಪಿಯೆಂಜಾ ಅಥವಾ ಅದರ ಪಕ್ಕದ ಸ್ಯಾನ್ ಕ್ವಿರಿಕೊದಲ್ಲಿ ಮೂರು ರಾತ್ರಿ ತಂಗಿ, ಭಾರವನ್ನು ಕೋಣೆಯಲ್ಲೇ ಬಿಟ್ಟು ಸುತ್ತಮುತ್ತ ತಿರುಗಾಡಿ. ಸಿಯೆನಾದಿಂದ ಬುವೊನ್‌ಕೊನ್ವೆಂಟೊ ಮೂವತ್ತು ಕಿಲೋಮೀಟರಿನ ಒಳಗೆ. ಅಲ್ಲಿಂದ ಮೊಂಟಾಲ್ಚಿನೊಗೆ ಹದಿನಾಲ್ಕು ಕಿಲೋಮೀಟರಿನಷ್ಟು ದಾರಿ, ಆದರೆ 150 ಮೀಟರ್ ಎತ್ತರದಿಂದ 560ರ ಆಸುಪಾಸಿಗೆ ಏರು. ಮೊಂಟಾಲ್ಚಿನೊದಿಂದ ಪಿಯೆಂಜಾ ಇಪ್ಪತ್ತೈದು ಕಿಲೋಮೀಟರು, ಪಿಯೆಂಜಾದಿಂದ ಮೊಂಟೆಪುಲ್ಚಾನೊ ಹದಿನಾಲ್ಕು. ಕಾಗದದ ಮೇಲೆ ಇವು ಮಕ್ಕಳಾಟದಂತೆ ಕಾಣುತ್ತವೆ, ಕಂಡರೆ ಕಾಣಲಿ. ಬೇಗ ತಲುಪಿ ಊರು ನೋಡುವುದೂ ಪ್ರವಾಸದ ಭಾಗವೇ ತಾನೇ?

ಪ್ರಶ್ನೆ: ಈ ಊರುಗಳನ್ನೆಲ್ಲ ಇಷ್ಟು ಎತ್ತರದಲ್ಲಿ ಕಟ್ಟಿದ್ದು ಶತ್ರುಗಳ ಭಯದಿಂದ ಮಾತ್ರವೇ? ಕೆಳಗೆ ಫಲವತ್ತಾದ ಕಣಿವೆಯಿದ್ದೂ ಜನ ದಿನವೂ ಹತ್ತಿ ಇಳಿಯುವ ಕಷ್ಟವನ್ನು ಏಕೆ ಮೈಮೇಲೆ ಹಾಕಿಕೊಂಡರು?

ಉತ್ತರ: ಶತ್ರುಭಯ ನಿಜ, ಆದರೆ ಅರ್ಧ ನಿಜ. ಸಿಯೆನಾ ಮತ್ತು ಫ್ಲಾರೆನ್ಸ್ ಶತಮಾನಗಳ ಕಾಲ ಹೊಡೆದಾಡಿದವು. ಸಿಯೆನಾದವರು 1213ರಿಂದ ಕಟ್ಟಿಸಿದ ಮೊಂಟೆರಿಜೋನಿ ಎಂಬ ಪುಟ್ಟ ಊರು ಹದಿನಾಲ್ಕು ಬುರುಜುಗಳ ಉಂಗುರದಂತೆ ಇಂದಿಗೂ ಗುಡ್ಡದ ಮೇಲೆ ನಿಂತಿದೆ. 1555ರಲ್ಲಿ ಸಿಯೆನಾ ಬಿದ್ದಮೇಲೂ ಅಲ್ಲಿನ ಒಂದಷ್ಟು ಮಂದಿ ಮೊಂಟಾಲ್ಚಿನೊದ ಕೋಟೆಗೆ ಹೋಗಿ 1559ರವರೆಗೆ ತಮ್ಮ ಗಣರಾಜ್ಯವನ್ನು ಉಳಿಸಿಕೊಂಡರು. ಅಲ್ಲಿಗೆ ಸೈಕಲ್ಲಿನಲ್ಲಿ ಹತ್ತಿದವರಿಗೆ ಇದರ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನರ್ಧ ಕಾರಣ ಕಣಿವೆಯಲ್ಲೇ ಇತ್ತು. ಇಂದು ಸೂರ್ಯಕಾಂತಿ, ಗೋಧಿ ಬೆಳೆಯುವ ಕಿಯಾನಾ ಕಣಿವೆ ಮತ್ತು ಕಡಲ ಕಡೆಯ ಮರೆಮ್ಮಾ ಬಯಲು ಬಹುಕಾಲ ಜೌಗುನೆಲಗಳಾಗಿದ್ದವು. ಸೊಳ್ಳೆ ಅಲ್ಲಿನ ಒಡೆಯ. ಮಲೇರಿಯಾ ಎಂಬ ಪದವೇ ಇಟಾಲಿಯನ್ ಭಾಷೆಯ ಕೆಟ್ಟ ಗಾಳಿ ಎಂಬ ಮಾತಿನಿಂದ ಬಂದದ್ದು. ಜ್ವರ ಕೆಳಗಿನ ಗಾಳಿಯಿಂದ ಬರುತ್ತದೆಂದು ನಂಬಿದ ಜನ ಮೇಲಿನ ಗಾಳಿಗೆ ಮನೆ ಮಾಡಿಕೊಂಡರು. ಕಾರಣ ತಪ್ಪಾಗಿದ್ದರೂ ಪರಿಹಾರ ಸರಿಯಾಗಿತ್ತು. ಕಿಯಾನಾ ಕಣಿವೆಯ ನೀರನ್ನು ಬಸಿಯುವ ಕೆಲಸ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಎಂಜಿನಿಯರ್ ವಿಟ್ಟೋರಿಯೊ ಫೊಸ್ಸೊಂಬ್ರೋನಿ ಅವರ ಕೈಗೆ ಬಂದಮೇಲೆ ಚುರುಕಾಯಿತು. ಇಟಲಿ ಮಲೇರಿಯಾಮುಕ್ತವೆಂದು ಘೋಷಣೆಯಾದದ್ದು 1970ರಲ್ಲಿ. ರೈಲುದಾರಿ, ಹೆದ್ದಾರಿಗಳು ಬಂದಮೇಲೆ ಕಣಿವೆಯಲ್ಲಿ ಹೊಸ ಬಡಾವಣೆಗಳು ಎದ್ದವು. ಆದ್ದರಿಂದಲೇ ಈಗ ಒಂದೇ ಹೆಸರಿನ ಎರಡು ಊರು ಕಾಣುತ್ತವೆ: ಕೆಳಗೆ ನಿಲ್ದಾಣ, ಸೂಪರ್ ಮಾರ್ಕೆಟ್ಟು, ಪೆಟ್ರೋಲ್ ಬಂಕು, ಮೇಲೆ ಗೋಪುರ, ಚೌಕ ಮತ್ತು ನಿಮ್ಮ ಕೋಣೆ.

ಎತ್ತರದಲ್ಲಿ ಇರುವುದಕ್ಕೆ ತೆರಬೇಕಾದ ಬೆಲೆ ನೀರು. ಸಿಯೆನಾದ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಮಧ್ಯಯುಗದಲ್ಲಿ ಅಲ್ಲಿನವರು ನೆಲದಡಿಯಲ್ಲಿ ಬೊತ್ತೀನಿ ಎಂಬ ಕಾಲುವೆಗಳನ್ನು ಒಟ್ಟು ಇಪ್ಪತ್ತೈದು ಕಿಲೋಮೀಟರಿನಷ್ಟು ಉದ್ದಕ್ಕೆ ಕೊರೆದು ಕಾರಂಜಿಕೊಳಗಳಿಗೆ ನೀರು ತಂದರು. ಒರ್ವಿಯೆಟೊದ ಕಥೆ ಇನ್ನೂ ಸೊಗಸಾಗಿದೆ. 1527ರಲ್ಲಿ ರೋಮ್ ಲೂಟಿಯಾದಾಗ ಅಲ್ಲಿಗೆ ಓಡಿಬಂದ ಏಳನೆಯ ಕ್ಲೆಮೆಂಟ್ ಪೋಪ್, ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂದು ಬಾವಿ ತೋಡಿಸಲು ಆಜ್ಞೆ ಮಾಡಿದರು. ಐವತ್ತು ಮೀಟರಿಗಿಂತ ಆಳವಾದ ಆ ಬಾವಿಯ ಗೋಡೆಯೊಳಗೆ ವಾಸ್ತುಶಿಲ್ಪಿ ಆಂತೋನಿಯೊ ದ ಸಂಗಾಲೊ ಎರಡು ಸುರುಳಿ ಮೆಟ್ಟಿಲುಗಳನ್ನು ಒಂದಕ್ಕೊಂದು ತಾಗದಂತೆ ಹೆಣೆದಿದ್ದಾರೆ. ಒಂದರಲ್ಲಿ ಇಳಿದ ಹೇಸರಗತ್ತೆ ನೀರು ಹೊತ್ತು ಇನ್ನೊಂದರಲ್ಲಿ ಹತ್ತಿ ಬರಬೇಕು, ಎದುರುಬದುರು ಆಗುವ ಮಾತೇ ಇಲ್ಲ. ನೀವು ಸೈಕಲ್ಲಿನಲ್ಲಿ ಮಾಡುವ ಕೆಲಸವನ್ನು ಆ ಪ್ರಾಣಿ 248 ಮೆಟ್ಟಿಲುಗಳ ಮೇಲೆ ದಿನವಿಡೀ ಮಾಡುತ್ತಿತ್ತು.

ಸಿಯೆನಾದ ಪುರಭವನದ ಗೋಡೆಯ ಮೇಲೆ ಆಂಬ್ರೋಜೊ ಲೊರೆನ್ಸೆತ್ತಿ 1338 ಮತ್ತು 1339ರಲ್ಲಿ ಬರೆದ ದೊಡ್ಡ ಭಿತ್ತಿಚಿತ್ರವಿದೆ. ಒಳ್ಳೆಯ ಆಡಳಿತವಿದ್ದರೆ ನಗರ ಮತ್ತು ಹಳ್ಳಿಗಾಡು ಹೇಗಿರುತ್ತವೆಂದು ತೋರಿಸುವ ಚಿತ್ರ. ಅದರ ನಟ್ಟನಡುವೆ ಊರಬಾಗಿಲಿದೆ. ಅದರಿಂದ ಹೊರಬೀಳುವ ರಸ್ತೆ ನೇರವಾಗಿ ಇಳಿಜಾರಿಗೆ ಬೀಳುತ್ತದೆ, ಕುದುರೆಯ ಮೇಲೆ ಕೂತ ಸಿರಿವಂತರು ಇಳಿಯುತ್ತಿದ್ದಾರೆ, ಎದುರಿನಿಂದ ರೈತನೊಬ್ಬ ಹೆಗಲ ಸುತ್ತ ಬಿಳಿ ಪಟ್ಟಿಯಿರುವ ಕಪ್ಪು ಹಂದಿಯನ್ನು ಅಟ್ಟಿಕೊಂಡು ಹತ್ತುತ್ತಿದ್ದಾನೆ. ಹತ್ತುವವರು ಯಾರು, ಇಳಿಯುವವರು ಯಾರು ಎಂಬುದನ್ನು ಚಿತ್ರಕಾರ ಗಮನಿಸಿಯೇ ಬರೆದನೆಂದು ನನ್ನ ನಂಬಿಕೆ. ಸವಾರಿಗೆ ಹೊರಡುವ ಹಿಂದಿನ ದಿನ ಅದನ್ನು ತಪ್ಪದೆ ನೋಡಿ. ಮರುದಿನ ತುಳಿಯಲಿರುವ ದಿಣ್ಣೆಗಳ ಗುರುತು ಅಲ್ಲೇ ಸಿಗುತ್ತದೆ.

ಈ ಊರುಗಳು ಇಂದಿಗೂ ಹಳೆಯ ರೂಪದಲ್ಲಿ ಉಳಿದದ್ದಕ್ಕೆ ಬಡತನವೂ ಒಂದು ಕಾರಣ. ಸ್ಯಾನ್ ಜಿಮಿನ್ಯಾನೊದ ಸಿರಿವಂತ ಮನೆತನಗಳು ಪೈಪೋಟಿಯ ಮೇಲೆ ಕಟ್ಟಿಸಿದ ಎಪ್ಪತ್ತೆರಡು ಗೋಪುರಗಳಲ್ಲಿ ಈಗ ಉಳಿದಿರುವುದು ಹದಿನಾಲ್ಕು. 1348ರ ಮಹಾಮಾರಿಯ ನಂತರ ಆ ಊರು ಫ್ಲಾರೆನ್ಸಿನ ಅಧೀನವಾಯಿತು, ವ್ಯಾಪಾರ ಬೇರೆ ದಾರಿ ಹಿಡಿಯಿತು, ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಹಣವಿರಲಿಲ್ಲ.

ಪ್ರಶ್ನೆ: ನನ್ನ ರೋಡ್ ಸೈಕಲ್ಲಿನ ಮುಂದೆ 50 ಮತ್ತು 34 ಹಲ್ಲಿನ ಚಕ್ರಗಳು, ಹಿಂದೆ 11ರಿಂದ 28 ಹಲ್ಲಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗುಚ್ಛ ಇದೆ. ಚೀಲ ಕಟ್ಟಿಕೊಂಡು ಹತ್ತಲು ಈ ಗೇರು ಸಾಕೇ, ಅಥವಾ ಇದು ಬರೀ ಅಭ್ಯಾಸದ ಪ್ರಶ್ನೆಯೇ?

ಉತ್ತರ: ಅಭ್ಯಾಸದಿಂದ ಎಲ್ಲವೂ ಆಗುತ್ತದೆಂದು ಹೇಳುವವರ ಮಂಡಿಯನ್ನು ಹತ್ತು ವರ್ಷದ ನಂತರ ನೋಡಬೇಕು. ಲೆಕ್ಕ ಹಾಕೋಣ. ನೀವು, ಸೈಕಲ್ಲು ಮತ್ತು ಚೀಲ ಸೇರಿ ತೊಂಬತ್ತು ಕಿಲೋ ಎನ್ನೋಣ; ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಮುಂದೆ 34, ಹಿಂದೆ 28 ಹಲ್ಲಿದ್ದರೆ ಪೆಡಲ್ಲಿನ ಒಂದು ಸುತ್ತಿಗೆ 2.55 ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿಯುತ್ತ ಶೇ. 10ರ ಏರನ್ನು ಹತ್ತಿದರೆ ಗಂಟೆಗೆ ಒಂಬತ್ತು ಕಿಲೋಮೀಟರಿಗಿಂತ ತುಸು ಹೆಚ್ಚಿನ ವೇಗ, ಭಾರವನ್ನು ಎತ್ತುವುದಕ್ಕೇ ಸುಮಾರು 225 ವ್ಯಾಟ್ ಶಕ್ತಿ ಬೇಕು. ಪಂದ್ಯಕ್ಕೆ ತಯಾರಾಗುವವರ ಮಾತು ಬೇರೆ, ವಾರಕ್ಕೆ ಮೂರು ದಿನ ತುಳಿಯುವ ನಮ್ಮಂಥವರು ಗಂಟೆಗಟ್ಟಲೆ ಕೊಡಬಲ್ಲದ್ದು ಹೆಚ್ಚೆಂದರೆ ನೂರರಿಂದ ನೂರೈವತ್ತು. ಕಡಿಮೆ ಶಕ್ತಿಯಲ್ಲಿ ಹತ್ತಲು ಹೋದರೆ ಪೆಡಲ್ಲು ನಿಮಿಷಕ್ಕೆ ನಲವತ್ತು ಸುತ್ತಿಗೆ ಇಳಿಯುತ್ತದೆ, ಪ್ರತಿ ತುಳಿತವೂ ಮಂಡಿಗೆ ಗುದ್ದಿದಂತಾಗುತ್ತದೆ. ಅದೇ ಏರಿನಲ್ಲಿ ಮುಂದೆ 26, ಹಿಂದೆ 36 ಹಲ್ಲಿದ್ದರೆ ಅರವತ್ತು ಸುತ್ತಿಗೆ 134 ವ್ಯಾಟ್ ಸಾಕು. ವೇಗ ಗಂಟೆಗೆ ಐದೂವರೆ ಕಿಲೋಮೀಟರು. ನಡೆಯುವವರಿಗಿಂತ ಸ್ವಲ್ಪ ಮುಂದೆ ಇರುತ್ತೀರಿ, ಅಷ್ಟೇ. ಆದರೆ ಮರುದಿನವೂ ತುಳಿಯಬಲ್ಲಿರಿ.

ಹಿಂದಿನ ಕ್ಯಾಸೆಟ್ಟನ್ನು 34 ಹಲ್ಲಿಗೆ ಬದಲಿಸುವುದು ಅಗ್ಗದ ಮೊದಲ ಹೆಜ್ಜೆ; ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ನಿಮ್ಮ ಹಿಂದಿನ ಡಿರೇಲರ್ ಎಷ್ಟು ದೊಡ್ಡ ಹಲ್ಲುಚಕ್ರಕ್ಕೆ ಹೊಂದುತ್ತದೆ, ಚೈನು ಉದ್ದ ಸಾಲುತ್ತದೆಯೇ ಎಂಬುದನ್ನು ಮೆಕ್ಯಾನಿಕ್ಕಿನ ಹತ್ತಿರ ಖಚಿತ ಮಾಡಿಕೊಳ್ಳಿ. ಅದೂ ಸಾಲದ ಕಡೆ ಇಳಿದು ತಳ್ಳಿ. ತಳ್ಳುವುದಕ್ಕೆ ನಾಚಿಕೊಂಡವರು ಆ ಗೋಡೆಗಳ ಬುಡದಲ್ಲಿ ಅರಳುವ ಕೇಪರ್ ಹೂವನ್ನು ನೋಡಿರಲಾರರು.

ಪ್ರಶ್ನೆ: ಹಿಂದಿನ ಆ ನಾಲ್ಕು ಸಾಲಿನಲ್ಲಿ ಬಿಳಿ ರಸ್ತೆಗಳೆಂದು ಬರೆದಿದ್ದಿರಿ. ಅವು ಏನು? ಸಾಧಾರಣ ಟಯರಿನಲ್ಲಿ ಹೋಗಬಹುದೇ?

ಉತ್ತರ: ಸ್ತ್ರಾದೆ ಬಿಯಾಂಕೆ ಎಂದು ಕರೆಯುವ ಇವು ಸುಣ್ಣಕಲ್ಲಿನ ಜಲ್ಲಿ ಹಾಸಿ ಗಟ್ಟಿ ಮಾಡಿದ, ಡಾಂಬರು ಕಾಣದ ರಸ್ತೆಗಳು. ಗೇಣಿದಾರ ರೈತ ಬೆಳೆದದ್ದರಲ್ಲಿ ಅರ್ಧವನ್ನು ಒಡೆಯನಿಗೆ ಕೊಡುವ ಪದ್ಧತಿ ಆ ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಇತ್ತು. 1964ರಲ್ಲಿ ಅಂಥ ಹೊಸ ಕರಾರುಗಳನ್ನು ಕಾನೂನು ನಿಷೇಧಿಸಿತು. ಪ್ರತಿ ಗೇಣಿದಾರನ ಮನೆ ಅವನ ಹೊಲದ ದಿಬ್ಬದ ಮೇಲೆ ಒಂಟಿಯಾಗಿ ಇರುತ್ತಿದ್ದುದರಿಂದ ಮನೆಮನೆಗೂ ಒಂದು ಕಚ್ಚಾ ರಸ್ತೆ ಬೇಕಾಯಿತು. ಒಕ್ಕಲುಗಳು ನಗರಕ್ಕೆ ಹೋದಮೇಲೆ ರಸ್ತೆಗಳು ಉಳಿದವು. ಅವಕ್ಕೆ ಡಾಂಬರು ಬೀಳದಂತೆ ಕಾಪಾಡಬೇಕೆಂಬ ಹಟದಿಂದ 1997ರಲ್ಲಿ ಕಿಯಾಂಟಿ ಸೀಮೆಯ ಗಾಯೊಲೆಯಲ್ಲಿ ಲೆರೋಯಿಕಾ ಎಂಬ ಸವಾರಿ ಶುರುವಾಯಿತು. ಅಕ್ಟೋಬರಿನಲ್ಲಿ ನಡೆಯುವ ಅದಕ್ಕೆ 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲುಗಳನ್ನೇ ತರಬೇಕು. ಅದರ 209 ಕಿಲೋಮೀಟರಿನ ದಾರಿಗೆ ಶಾಶ್ವತ ಫಲಕಗಳಿವೆ, ಯಾರು ಯಾವಾಗ ಬೇಕಾದರೂ ಹೋಗಬಹುದು. ಇದೇ ರಸ್ತೆಗಳ ಹೆಸರಿನ ವೃತ್ತಿಪರ ಪಂದ್ಯ 2007ರಿಂದ ನಡೆಯುತ್ತಿದ್ದು, ಸಿಯೆನಾದ ಸಾಂತಾ ಕತೆರೀನಾ ಬೀದಿಯ ಶೇ. 16ರ ಏರನ್ನು ಹತ್ತಿ ಕಾಂಪೊ ಚೌಕದಲ್ಲಿ ಮುಗಿಯುತ್ತದೆ.

ಟಯರು 35ರಿಂದ 40 ಮಿಲಿಮೀಟರಿನಷ್ಟು ಅಗಲವಿರಲಿ, ಗಾಳಿ ತುಸು ಕಡಿಮೆಯಿರಲಿ. ಇಳಿಜಾರಿನಲ್ಲಿ ವಾಹನಗಳ ಚಕ್ರ ಉಜ್ಜಿ ಗಟ್ಟಿಯಾದ ಎರಡು ಪಟ್ಟಿಗಳನ್ನು ಬಿಟ್ಟು ಕದಲಬೇಡಿ. ಸಡಿಲ ಜಲ್ಲಿ ತಿರುವಿನ ಹೊರ ಅಂಚಿನಲ್ಲಿ ಗುಡ್ಡೆಯಾಗಿರುತ್ತದೆ, ಆದ್ದರಿಂದ ಬ್ರೇಕು ಹಿಡಿಯುವುದೆಲ್ಲ ತಿರುವಿಗೆ ಮುಂಚೆಯೇ ಮುಗಿಯಬೇಕು. ಒಣಗಿದ ದಿನ ಇವುಗಳಂಥ ರಸ್ತೆ ಬೇರೆಯಿಲ್ಲ. ಮಳೆ ಬಂದ ದಿನ ಮಾತ್ರ, ಅದರಲ್ಲೂ ಸಿಯೆನಾದ ಆಗ್ನೇಯಕ್ಕಿರುವ ಕ್ರೇತೆ ಎಂಬ ಜೇಡಿಮಣ್ಣಿನ ಬೋಳುದಿಬ್ಬಗಳ ನಡುವೆ, ಹೊಲದ ಕಡೆಗೆ ಇಳಿಯುವ ಅಡ್ಡದಾರಿಗಳ ಸಹವಾಸವೇ ಬೇಡ. ಮಳೆ ನಿಂತ ಅರ್ಧ ಗಂಟೆಯಲ್ಲಿ ಅಂಥದೊಂದು ದಾರಿಗೆ ಇಳಿದೆ. ಬೂದುಬಣ್ಣದ ಮಣ್ಣು ಟಯರಿಗೆ ಮೆತ್ತಿ, ಮಡ್‌ಗಾರ್ಡಿನ ಸಂದಿಗೆ ಕಿಕ್ಕಿರಿದು, ನೂರು ಮೀಟರಿನೊಳಗೆ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಕಡ್ಡಿಯಿಂದ ಕೆರೆದು ತೆಗೆದೆ, ಹತ್ತು ಹೆಜ್ಜೆ ತಳ್ಳಿದೆ, ಮತ್ತೆ ಕೆರೆದೆ. ಕೊನೆಗೆ ಸೈಕಲ್ಲೇ ನನ್ನ ಹೆಗಲೇರಿತು. ಒಣಗಿದ ಮೇಲೆ ಆ ಮಣ್ಣು ಸಿಮೆಂಟು. ಎರಡು ದಿನದ ನಂತರವೂ ಬ್ರೇಕಿನ ಮೂಲೆಗಳಿಂದ ಹೆಕ್ಕುತ್ತಿದ್ದೆ.

ಪ್ರಶ್ನೆ: ರೈಲಿನಲ್ಲಿ ಸೈಕಲ್ ಒಯ್ಯಬಹುದೇ?

ಉತ್ತರ: ರೆಜಿಯೊನಾಲೆ ಎಂಬ ಪ್ರಾಂತೀಯ ರೈಲುಗಳಲ್ಲಿ, ವೇಳಾಪಟ್ಟಿಯಲ್ಲಿ ಸೈಕಲ್ ಚಿಹ್ನೆ ಇದ್ದರೆ, ಬೇರೆ ಟಿಕೆಟ್ಟು ತೆಗೆದುಕೊಂಡು ಹಾಗೆಯೇ ಹತ್ತಿಸಬಹುದು. ವೇಗದ ರೈಲುಗಳಲ್ಲಿ ಬಿಚ್ಚಿ ಚೀಲದಲ್ಲಿ ಕಟ್ಟಿದ ಅಥವಾ ಮಡಚಿದ ಸೈಕಲ್ಲಿಗೆ ಮಾತ್ರ ಪ್ರವೇಶ. ಜಾಗ ಕಡಿಮೆ, ಆದ್ದರಿಂದ ವಾರಾಂತ್ಯದ ಬೆಳಗಿನ ರೈಲನ್ನು ನಂಬಿಕೊಳ್ಳಬೇಡಿ.

ಊರಿನ ಹೆಸರಿನ ನಿಲ್ದಾಣದಲ್ಲಿ ಇಳಿದರೆ ಊರಿಗೆ ಬಂದಂತಾಯಿತೆಂದು ಮಾತ್ರ ತಿಳಿಯಬೇಡಿ. ಸ್ಯಾನ್ ಜಿಮಿನ್ಯಾನೊಗೆ ನಿಲ್ದಾಣವೇ ಇಲ್ಲ, ಹತ್ತಿರದ್ದು ಹತ್ತು ಕಿಲೋಮೀಟರಿಗಿಂತ ದೂರದ ಪೊಜ್ಜಿಬೊನ್ಸಿ. ಮೊಂಟೆಪುಲ್ಚಾನೊ ಹೆಸರಿನ ನಿಲ್ದಾಣ ಕಣಿವೆಯಲ್ಲಿ ಹತ್ತು ಕಿಲೋಮೀಟರಿನಷ್ಟು ಆಚೆ, ಕೊರ್ಟೋನಾದ್ದು ಬೆಟ್ಟದ ಬುಡದ ಕಮೂಚಾದಲ್ಲಿ. ಒರ್ವಿಯೆಟೊ ಮಾತ್ರ ಕರುಣೆ ತೋರಿಸುತ್ತದೆ: ನಿಲ್ದಾಣದ ಎದುರಿನಿಂದಲೇ ಬಂಡೆಯ ಮೇಲಿನ ಊರಿಗೆ ಹಳಿಯ ಮೇಲೆ ಎಳೆಯುವ ಗಾಡಿಯಿದೆ.

ಪ್ರಶ್ನೆ: ನನ್ನ ಮಂಡಿಗೆ ಸವೆತವಿದೆ. ಬ್ಯಾಟರಿ ಸೈಕಲ್ಲಿನಲ್ಲಿ ಹೋದರೆ ಅದು ಪ್ರವಾಸವೆನಿಸೀತೇ?

ಉತ್ತರ: ಅನುಮಾನವೇ ಬೇಡ. ಐರೋಪ್ಯ ನಿಯಮದ ಪ್ರಕಾರ ಅಂಥ ಸೈಕಲ್ಲಿನ ಮೋಟಾರು 250 ವ್ಯಾಟಿನದು, ಪೆಡಲ್ ತುಳಿದಾಗ ಮಾತ್ರ ನೆರವಾಗುತ್ತದೆ, ಗಂಟೆಗೆ 25 ಕಿಲೋಮೀಟರ್ ದಾಟಿದರೆ ಸುಮ್ಮನಾಗುತ್ತದೆ. ಸಮತಟ್ಟಿನಲ್ಲಿ ತುಳಿಯುವ ಕೆಲಸ ನಿಮ್ಮದೇ, ಏರಿನಲ್ಲಿ ಯಾರೋ ಬೆನ್ನ ಮೇಲೆ ಕೈಯಿಟ್ಟು ತಳ್ಳಿದಂತೆ. ಒಟ್ಟು ನೂರ ಹತ್ತು ಕಿಲೋ ಭಾರವನ್ನು ಸಾವಿರ ಮೀಟರ್ ಎತ್ತಲು 300 ವ್ಯಾಟ್‌ ಗಂಟೆಯಷ್ಟು ಶಕ್ತಿ ಬೇಕು. ಅದರಲ್ಲಿ ಅರ್ಧ ನಿಮ್ಮ ಕಾಲಿನದಾದರೆ 500ರ ಬ್ಯಾಟರಿ ಒಂದು ದಿನಕ್ಕೆ ಧಾರಾಳ. ಆದರೂ ಬೆಳಿಗ್ಗೆಯೇ ಗರಿಷ್ಠ ನೆರವಿನಲ್ಲಿ ಹೊರಟು ಕೊನೆಯ ಮೂರು ಕಿಲೋಮೀಟರಿಗೆ ಬ್ಯಾಟರಿ ಬರಿದಾದರೆ, ಇಪ್ಪತ್ತೈದು ಕಿಲೋ ತೂಕದ ಆ ಸೈಕಲ್ಲನ್ನು ತಳ್ಳುವುದು ಶಿಕ್ಷೆ. ವಿಮಾನದಲ್ಲಿ ಅಷ್ಟು ದೊಡ್ಡ ಬ್ಯಾಟರಿಯನ್ನು ಒಯ್ಯಲು ಬಿಡುವುದಿಲ್ಲ, ಅಲ್ಲಿಯೇ ಬಾಡಿಗೆಗೆ ಪಡೆಯಿರಿ. ಸವೆತದ ಮಂಡಿ ಎಷ್ಟು ತಡೆದೀತೆಂದು ಹೇಳಬೇಕಾದವರು ನಿಮ್ಮ ವೈದ್ಯರು.

ಪ್ರಶ್ನೆ: ಸಂಚಾರ ನಿಯಮಗಳಲ್ಲಿ ಹೊಸಬರು ಎಡವುವುದು ಎಲ್ಲಿ?

ಉತ್ತರ: ಮೊದಲನೆಯದಾಗಿ, ಬಲಗಡೆಯ ಸಂಚಾರ. ನೇರ ರಸ್ತೆಯಲ್ಲಿ ಇದು ನೆನಪಿರುತ್ತದೆ, ನೀರು ಕುಡಿಯಲು ನಿಂತು ಮತ್ತೆ ಹೊರಡುವಾಗ ಮರೆಯುತ್ತದೆ. ಊರಹೊರಗಿನ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಜೋಡಿಯಾಗಿ ಹರಟುತ್ತ ಹೋಗುವಂತಿಲ್ಲ. ಕತ್ತಲಲ್ಲಿ ದೀಪದ ಜೊತೆಗೆ ಊರಹೊರಗೆ ಹೊಳೆಯುವ ಜಾಕೆಟ್ಟೂ ಕಡ್ಡಾಯ, ಸುರಂಗದಲ್ಲಿ ಹಗಲಿನಲ್ಲೂ ಅದು ಬೇಕು. ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯವಿಲ್ಲ, ಆದರೆ ಆ ಇಳಿಜಾರುಗಳನ್ನು ಕಂಡವರು ಹಾಕದೆ ಇರಲಾರರು. ಸಿಯೆನಾದಿಂದ ಫ್ಲಾರೆನ್ಸಿಗೆ ಹೋಗುವ ನಾಲ್ಕು ಪಥದ ವೇಗದ ರಸ್ತೆಗೆ ಸೈಕಲ್ ಪ್ರವೇಶವಿಲ್ಲ. ಕ್ಯಾಸ್ತೆಲ್ಲೀನಾ, ಗ್ರೇವೆ ಊರುಗಳ ಮೂಲಕ ಹೋಗುವ ಹಳೆಯ ಕಿಯಾಂಟಿ ರಸ್ತೆ ಹಿಡಿಯಿರಿ. ದ್ರಾಕ್ಷಿತೋಟಗಳಲ್ಲಿ ಮದ್ಯದ ರುಚಿ ನೋಡಲು ಕರೆದರೆ ಸಂಜೆ ಸೈಕಲ್ಲನ್ನು ಬೀಗ ಹಾಕಿಟ್ಟ ಮೇಲೆ ಹೋಗಿ, ಕುಡಿದು ತುಳಿದರೂ ದಂಡವುಂಟು. ಅಪಘಾತವಾದರೆ ಕರೆಯಬೇಕಾದ ಸಂಖ್ಯೆ 112.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ದಿನವಿಡೀ ತುಳಿಯುವಷ್ಟು ಆಹಾರ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ವೇಳೆ ತಪ್ಪದಿದ್ದರೆ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಗಳು ಮುಚ್ಚಿದರೆ ತೆರೆಯುವುದು ನಾಲ್ಕರ ಹೊತ್ತಿಗೆ. ಊಟದ ಮನೆಗಳಲ್ಲಿ ಎರಡೂವರೆಯ ನಂತರ ಅಡುಗೆಯವರು ಇರುವುದಿಲ್ಲ, ರಾತ್ರಿಯ ಊಟ ಏಳೂವರೆಗಿಂತ ಮುಂಚೆ ಇಲ್ಲ. ಆದ್ದರಿಂದ ಬೆಳಿಗ್ಗೆ ಹೊರಡುವಾಗಲೇ ಬ್ರೆಡ್ಡು, ಟೊಮೇಟೊ, ಹಣ್ಣು ಕಟ್ಟಿಕೊಳ್ಳಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಮೊದಲ ತುತ್ತಿಗೆ ಮರೆತಿದ್ದಾರೆ ಎನಿಸುತ್ತದೆ. ಬೆವರಿ ಬಂದವರು ಉಪ್ಪಿನ ಪೊಟ್ಟಣವನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಊಟಕ್ಕೆ ಪೀಚಿ ಎಂಬ ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯನ್ನು ಬೆಳ್ಳುಳ್ಳಿ ಟೊಮೇಟೊ ಗೊಜ್ಜಿನಲ್ಲಿ ಕೇಳಿ. ಮೊಟ್ಟೆ ಹಾಕಿದ್ದಾರೆಯೇ ಎಂದು ಪ್ರತಿ ಕಡೆಯೂ ವಿಚಾರಿಸಿ. ಸೊಪ್ಪು, ಬೀನ್ಸು ಕಾಳು ಮತ್ತು ಹಳೆಯ ಬ್ರೆಡ್ಡನ್ನು ಕುದಿಸಿದ ರಿಬೊಲ್ಲೀತಾ ಹೊಟ್ಟೆ ತುಂಬುತ್ತದೆ, ಆದರೆ ಕೆಲವರು ಅದಕ್ಕೆ ಮಾಂಸದ ಸಾರು ಬೆರೆಸುತ್ತಾರೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಒಣಗಿಸಿದ ಹಂದಿಯ ತೆಳು ಹಾಳೆಯೋ ಮೀನಿನ ಚೂರೋ ತಟ್ಟೆಗೆ ಬರುವುದುಂಟು, ಒಂದೊಂದನ್ನೂ ಹೆಸರಿಟ್ಟು ಬೇಡವೆನ್ನಬೇಕು. ಪಿಯೆಂಜಾದ ಕುರಿಹಾಲಿನ ಪೆಕೊರೀನೊ ಚೀಸನ್ನು ಹೆಪ್ಪುಗಟ್ಟಿಸಲು ಸಾಮಾನ್ಯವಾಗಿ ಎಳೆಯ ಪ್ರಾಣಿಯ ಜಠರದ ರಸ ಬಳಸುತ್ತಾರೆ, ನಿಮ್ಮ ನಿಯಮಕ್ಕೆ ಅದು ಒಗ್ಗಲಾರದು. ಸವಾರಿಯ ನಡುವೆ ತಿನ್ನಲು ಸಿಯೆನಾದ ಪಾನ್‌ಫೋರ್ತೆಗೆ ಸಮನಾದದ್ದು ನನಗೆ ತಿಳಿದಿಲ್ಲ: ಬಾದಾಮಿ, ಜೇನು, ಸಕ್ಕರೆಪಾಕದ ಹಣ್ಣಿನ ಸಿಪ್ಪೆ, ಮಸಾಲೆ ಸೇರಿಸಿ ಬಿಲ್ಲೆಯಂತೆ ಬೇಯಿಸಿದ ಗಟ್ಟಿ ಸಿಹಿ, ಬಿಸಿಲಿಗೆ ಕರಗುವುದಿಲ್ಲ.

ಪ್ರಶ್ನೆ: ನಾಯಿಗಳ ಕಾಟ ಇದೆಯೇ?

ಉತ್ತರ: ಕುರಿಮಂದೆ ಇದ್ದ ಕಡೆ ಮರೆಮ್ಮಾ ತಳಿಯ ಬಿಳಿಯ ಕಾವಲುನಾಯಿಗಳಿರುತ್ತವೆ. ತೋಳದಿಂದ ಮಂದೆ ಕಾಯುವುದು ಅವುಗಳ ಕಸುಬು, ವೇಗವಾಗಿ ಬರುವುದೆಲ್ಲ ಅವುಗಳ ಕಣ್ಣಿಗೆ ತೋಳವೇ. ಸೈಕಲ್ಲನ್ನು ಜೋರಾಗಿ ಓಡಿಸಿ ಪಾರಾಗಲು ನೋಡಬೇಡಿ. ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು, ಕಣ್ಣಲ್ಲಿ ಕಣ್ಣಿಡದೆ, ಮಂದೆಯಿಂದ ದೂರದ ಅಂಚಿನಲ್ಲಿ ನಿಧಾನವಾಗಿ ನಡೆಯಿರಿ.

ಪ್ರಶ್ನೆ: ಒಂದೇ ಒಂದು ಏರನ್ನು ಹತ್ತುವಷ್ಟು ಸಮಯವಿದ್ದರೆ ಯಾವುದನ್ನು ಆರಿಸುತ್ತೀರಿ, ಯಾವ ತಿಂಗಳಲ್ಲಿ?

ಉತ್ತರ: ರಾಡಿಕೋಫಾನಿ, ಸೆಪ್ಟೆಂಬರಿನ ಎರಡನೆಯ ಅರ್ಧದಲ್ಲಿ. ಮೇ ತಿಂಗಳ ಹಸಿರು ಇನ್ನೂ ಚೆಂದವೆಂದು ವಾದಿಸುವವರಿದ್ದಾರೆ, ಜುಲೈ ಆಗಸ್ಟಿನ ಪರವಾಗಿ ಮಾತ್ರ ಯಾರೂ ವಾದಿಸುವುದಿಲ್ಲ. ಒರ್ಚಾ ಕಣಿವೆಯ ದಕ್ಷಿಣದ ತುದಿಯಲ್ಲಿ, ಸುಮಾರು 800 ಮೀಟರ್ ಎತ್ತರದ ಆ ಊರಿನ ಮೇಲೆ ಒಂಟಿ ಗೋಪುರವೊಂದು ನಿಂತಿದೆ. ಪಿಯೆಂಜಾದಲ್ಲಿ ಬೆಳಗಿನ ಕಾಫಿ ಕುಡಿಯುವಾಗಲೇ ದಿಗಂತದಲ್ಲಿ ಮೊಳೆ ಹೊಡೆದಂತೆ ಕಾಣುವ ಅದು ಮಧ್ಯಾಹ್ನದವರೆಗೂ ಅಷ್ಟೇ ದೂರದಲ್ಲಿರುತ್ತದೆ. ಉತ್ತರದಿಂದ ರೋಮಿಗೆ ನಡೆಯುತ್ತಿದ್ದ ಯಾತ್ರಿಕರ ಫ್ರಾಂಚೀಜೆನಾ ಮಾರ್ಗ ಇಲ್ಲಿಂದಲೇ ಹೋಗುತ್ತಿತ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಗೀನೊ ದಿ ತಾಕ್ಕೊ ಎಂಬ ದರೋಡೆಕೋರ ಕುಲೀನ ಈ ಕೋಟೆಯನ್ನು ಹಿಡಿದಿದ್ದ. ಹೊಟ್ಟೆಬೇನೆಯ ಚಿಕಿತ್ಸೆಗೆ ಹೊರಟಿದ್ದ ಶ್ರೀಮಂತ ಮಠಾಧಿಪತಿಯೊಬ್ಬನನ್ನು ಅವನು ಸೆರೆಹಿಡಿದು, ದಿನಕ್ಕೆ ಎರಡು ತುಂಡು ಸುಟ್ಟ ಬ್ರೆಡ್ಡು ಮತ್ತು ಒಂದು ಬಟ್ಟಲು ದ್ರಾಕ್ಷಾರಸ ಮಾತ್ರ ಕೊಟ್ಟು ಬೇನೆಯನ್ನೇ ವಾಸಿಮಾಡಿ ಕಳಿಸಿದನೆಂಬ ಕಥೆಯಿದೆ. ಆ ಏರು ಹತ್ತಿ ಬಂದವರಿಗೂ ಮೊದಲು ಬೇಕೆನಿಸುವುದು ಅಷ್ಟೇ. ಊರಿನೊಳಗೆ ನಲ್ಲಿಯ ಕಾರಂಜಿ ಕಂಡಾಗ, ಕುಡಿಯಲು ಯೋಗ್ಯವಲ್ಲ ಎಂಬ ಅರ್ಥದ ನೊನ್ ಪೊತಾಬಿಲೆ ಫಲಕ ಇಲ್ಲವೆಂದು ನೋಡಿಕೊಂಡು, ತಲೆಯನ್ನೇ ಕೆಳಗೊಡ್ಡಿ.